ಎರಡು ಅಂಕದ ಇಳಿಜಾರು

ರಾತ್ರಿ ಪಾಳಿ ಅಂದರೆ ಒಂಬತ್ತು ಹಾಸಿಗೆ,
ಒಂದು ಟ್ಯೂಬ್‌ಲೈಟು, ಮೂರು ಪುಸ್ತಕ.
ವಸತಿ ಆರೈಕೆ. ಸಮುದಾಯ ಆರೋಗ್ಯ. ಭೂಗೋಳ.
ವಿಶ್ವವಿದ್ಯಾಲಯ ಅಂಚೆಯಲ್ಲಿ ಕಳಿಸಿದವು,
ಈಗ ಡೆಟಾಲ್ ವಾಸನೆ ಹತ್ತಿ ಈ ಮನೆಯವೇ ಆಗಿವೆ.

ಘಟಕ ಒಂದು: ನಿವಾಸಿಯ ಮಗ್ಗುಲನ್ನು
ಎರಡು ಗಂಟೆಗೊಮ್ಮೆ ಬದಲಿಸತಕ್ಕದ್ದು.
ಓದುವಷ್ಟರಲ್ಲಿ ಗಂಟೆ ಆಗಿರುತ್ತದೆ.
ಎದ್ದು ಹೋಗಿ ರೆಜಿನಮ್ಮನನ್ನು ಎಡಕ್ಕೆ ಹೊರಳಿಸಿ,
ಬೋರಲಿಂಗ ಮೇಷ್ಟರನ್ನು ಬಲಕ್ಕೆ,
ಬಂದು ಕೂತರೆ ಅದೇ ಸಾಲು ಕಾದಿರುತ್ತದೆ,
ನಾನು ಮಾಡಿ ಬಂದದ್ದನ್ನು ನನಗೇ ಕಲಿಸಲು.

ಏಳನೇ ಹಾಸಿಗೆ ಮುನಿಶಾಮಪ್ಪನವರದು.
ಮೂವತ್ತೊಂದು ವರ್ಷ ನೀರಿನ ಮಂಡಳಿಯ ವಾಲ್ವ್‌ಮನ್.
ಲಕ್ವ ಹೊಡೆದು ಮಾತೆಲ್ಲ ಹೋಗಿ ‘ಬಾ’ ಒಂದು ಉಳಿದಿದೆ.
ಬಾ ಅಂದರೆ ಗಂಜಿ. ಬಾ ಅಂದರೆ ಉಚ್ಚೆ.
ಬಾ ಅಂದರೆ ಫ್ಯಾನು ಆರಿಸು.
ಬೆಳಗಿನ ಜಾವ ನಾಲ್ಕೂಕಾಲಿಗೆ ಅವರ ಎಡಗೈ ಏಳುತ್ತದೆ,
ಗಾಳಿಯಲ್ಲಿ ಉದ್ದನೆ ಕಬ್ಬಿಣದ ಕೀಲಿ ಹಿಡಿದು
ಹದಿನಾಲ್ಕು ಸುತ್ತು ತಿರುಗಿಸುತ್ತದೆ. ಎಣಿಸಿದ್ದೇನೆ.
ಆಮೇಲೆ ಕಿವಿಗೊಡುತ್ತಾರೆ,
ಯಾವ ಬೀದಿಗೆ ಹತ್ತಿತೋ ಅಂತ.
ಡಾಕ್ಟರು ಪಟ್ಟಿಯಲ್ಲಿ ಬರೆದರು: ಅನೈಚ್ಛಿಕ ಚಲನೆ.
ಕೆಳಗೆ ಪೆನ್ಸಿಲ್ಲಿನಲ್ಲಿ ನಾನು ಬರೆದೆ: ನೀರು ಬಿಟ್ಟರು.

ಘಟಕ ಎರಡಕ್ಕೆ ಐವತ್ತು ಮನೆಯ ಸಮೀಕ್ಷೆ.
ಪಾಳಿ ಮುಗಿಸಿ ಲಗ್ಗೆರೆಯ ಇಳಿಜಾರಿನ ಬಾವಿ ಗಲ್ಲಿಗೆ ಹೋದೆ.
ಎಷ್ಟು ಜನ? ನೀರು ಕಾಯಿಸುತ್ತೀರಾ? ಡ್ರಮ್ಮಿಗೆ ಮುಚ್ಚಳವಿದೆಯಾ?
ಗಾರೆ ಕೆಲಸದ ಎಂಗಟಮ್ಮ ತಲೆ ಬಾಚುತ್ತಲೇ ಅಂದಳು,
“ಬರ್ಕೊಂಡೋಗೋರು ಬಾಳ ಜನ ಬಂದವ್ರೆ ಕಣಕ್ಕ.
ಸಿಲಿಂಡ್ರು ಯಾರು ಕೊಡ್ತಾರೆ, ಕಾಯ್ಸಕ್ಕೆ?”
ಆ ಪ್ರಶ್ನೆಗೆ ನಮೂನೆಯಲ್ಲಿ ಚೌಕವಿರಲಿಲ್ಲ.
ಹನ್ನೊಂದು ಮನೆಯಲ್ಲಿ ಕಾಮಾಲೆ.
ಅವಳ ಮಗನ ಕಣ್ಣು ನೋಡಿದೆ,
ಮಾಗಿದ ನಿಂಬೆಯ ಸಿಪ್ಪೆ.

ಘಟಕ ಮೂರು: ಸಮೋನ್ನತ ರೇಖೆ.
ಒಂದೇ ಎತ್ತರದ ಬಿಂದುಗಳನ್ನು ಸೇರಿಸುವ ಗೆರೆ, ಎರಡು ಅಂಕ.
ಬೆಂಗಳೂರು ಕೂತಿರುವುದು ಒಂದು ಏಣಿನ ಮೇಲಂತೆ.
ಹನಿ ಆಚೆ ಬಿದ್ದರೆ ಪಿನಾಕಿನಿ,
ಈಚೆ ಬಿದ್ದರೆ ವೃಷಭಾವತಿ.
ಪಂಪು ಹತ್ತಿ ಇಲ್ಲಿಯವರೆಗೆ ಬಂದ ಕಾವೇರಿ
ನಮ್ಮ ಒಡಲು ಹಾದು, ಕಪ್ಪಾಗಿ,
ಅದೇ ಮೋರಿ ಹಿಡಿದು ಮತ್ತೆ ಕಾವೇರಿಗೇ ಹೊರಡುತ್ತಾಳೆ.
ಇದನ್ನು ಪುಸ್ತಕ ಹೇಳುವುದಿಲ್ಲ,
ಬೆಡ್‌ಪ್ಯಾನ್ ತೊಳೆಯುವಾಗ ನನಗೇ ಹೊಳೆದದ್ದು.

ಇಡೀ ಮನೆಯಲ್ಲಿ ಮಟ್ಟಸವಾದ ಜಾಗ
ಮುನಿಶಾಮಪ್ಪನವರ ಊಟದ ಹಲಗೆ.
ಅಲ್ಲೇ ನಕ್ಷೆ ಹರಡಿ
ಕಾಮಾಲೆಯ ಮನೆಗಳಿಗೆ ಕೆಂಪು ಸ್ಟಿಕ್ಕರ್ ಬೊಟ್ಟು ಇಡುತ್ತಿದ್ದೆ,
ಹಣೆಯಿಂದ ಕಿತ್ತದ್ದೂ ಒಂದು, ಪ್ಯಾಕೆಟ್ಟಿನಲ್ಲಿ ಹತ್ತೇ ಇದ್ದವು.
“ಬಾ,” ಅಂದರು.
ಗಂಜಿ ತಂದೆ. ಅಲ್ಲ. ಡಬ್ಬ ತಂದೆ. ಅಲ್ಲ.
ಬಾ, ಬಾ, ಸಿಟ್ಟಿನಿಂದ ಜೊಲ್ಲು ಇಳಿಯಿತು.
ಎಡಗೈ ಬೆರಳು ಬೊಟ್ಟಿನಿಂದ ಬೊಟ್ಟಿಗೆ ಜಾರಿ
ನಾನು ಎಳೆದ ಗೆರೆಗಳನ್ನೆಲ್ಲ ದಾಟಿ
ಏನೂ ಇಲ್ಲದ ಕಡೆ, ಸ್ಕೂಲಿನ ಹಿಂಗೋಡೆಗೆ, ನಿಂತಿತು.
ಉಗುರಿನ ಗುರುತು ಬೀಳುವಂತೆ ಒತ್ತಿದರು.

ಮರುದಿನ ಹೋಗಿ ನೋಡಿದೆ.
ಕಲ್ಲುಚಪ್ಪಡಿ, ಮೇಲೊಂದು ಇಡ್ಲಿ ಗಾಡಿ.
ಗಾಡಿಯ ದಾವಲ್‌ಸಾಬ್ ಗೊಣಗುತ್ತ ಸರಿಸಿದ.
ಕೆಳಗೆ ಗುಂಡಿ ತುಂಬ ಮೋರಿ ನೀರು,
ಕುತ್ತಿಗೆವರೆಗೆ ಮುಳುಗಿದ ತುಕ್ಕು ವಾಲ್ವು.
ಮಂಡಳಿಯ ಆಫೀಸಿನಲ್ಲಿ ಹುಡುಗ ಕಂಪ್ಯೂಟರ್ ನೋಡಿ ಹೇಳಿದ,
ಅಲ್ಲಿ ವಾಲ್ವೇ ಇಲ್ಲ ಮೇಡಂ.
ದೂರಿನ ನಂಬರು ಕೊಟ್ಟ, ಹದಿಮೂರು ಅಂಕಿ.

ಪರೀಕ್ಷೆಯಲ್ಲಿ ಸಮೋನ್ನತ ರೇಖೆಯೇ ಬಂತು.
ಪುಸ್ತಕದ ಸಾಲನ್ನು ಹಾಗೇ ಬರೆದೆ.
ಇನ್ನೇನೋ ಸೇರಿಸಲು ಹೊರಟು
ಜಾಗ ಸಾಲದೆ ಹೊಡೆದು ಹಾಕಿದೆ.

ಇವತ್ತು ನಾಲ್ಕೂಕಾಲಿಗೆ ಆ ಕೈ ಎದ್ದಿತು.
ತಿರುಗಿಸಲಿಲ್ಲ.
ಹಿಡಿದುಕೊಂಡೇ ಇದ್ದರು, ತೋಳು ನಡುಗುತ್ತ,
ನಾಲ್ಕೂವರೆ, ಐದು.
ಮಗ್ಗುಲು ಬದಲಿಸುವ ಹೊತ್ತು ಮೀರುತ್ತಿದೆ,
ಮೊಣಕೈ ಕೆಳಗೆ ದಿಂಬು ಕೊಟ್ಟು
ನಾನೂ ಹಿಡಿದು ನಿಂತಿದ್ದೇನೆ.